ಹಡಗಿನಾಗ ತುಂಬಿದ ಉಡಿ

ನಾಗನೂರ
ಭಾರತ ಹುಣ್ಣಿಮಿ, 12-2-2025

ನನ್ನ ಕೂಸ ಉಮೇಶಾ,

ನೆಲದ ಮ್ಯಾಲ ನಮ್ಮನ್ನ ಕಾಯೋ ಮಾಳಿಂಗರಾಯ ನೀರಿನ ಮ್ಯಾಲ ನಿನ್ನ ಕಾಯಲಿ.

ಹೆಂಗ ಅದಿಯಪಾ? ನಡಾ ನೋವು ಕಡಿಮಿ ಆತೋ ಇಲ್ಲೋ? ಹಡಗಿನಾಗ ಮಂದಿ ಹಾಸಿಗಿ ಎತ್ತಿ ಎತ್ತಿ ನಡಾ ಹಿಡಕೊಂಡೈತಿ ಅಂತ ಅಕ್ಕ ದೀಪಾನ ಮುಂದ ಹೇಳಿದ್ಯಂತ, ನನ್ನ ಮುಂದ ಹೇಳಲಿಲ್ಲ. ಮಲಗೂ ಮುಂದ ಎಳ್ಳೆಣ್ಣಿ ಬೆಚ್ಚಗ ಮಾಡಿ ತಿಕ್ಕೋ. ಅಲ್ಲಿ ಎಳ್ಳೆಣ್ಣಿ ಸಿಗದಿದ್ರ ಅಡಗಿಯವರ ಹತ್ರ ಯಾವ ಎಣ್ಣಿ ಐತಿ ಕೇಳು, ಸುಮ್ನ ಹಲ್ಲ ಕಚ್ಚಿ ಕುಂಡ್ರಬ್ಯಾಡ. ಹೊಟ್ಟಿಗಿ ಬಿಸಿ ಉಣ್ತಿಯಿಲ್ಲ? ಇಲ್ಲಿ ನಾವೆಲ್ಲಾ ಆರಾಮ ಅದೀವಿ. ಕರೀ ಕುರಿ ಅವಳಿ ಮರಿ ಹಾಕೈತಿ, ಒಂದರ ಹಣಿ ಮ್ಯಾಲ ಬಿಳೇ ಚುಕ್ಕಿ. ನಿಮ್ಮಪ್ಪನ ಮೊಣಕಾಲ ನೋವು ಇದ್ದದ್ದ ಐತಿ, ಆದ್ರೂ ಹಿಂಡಿನ ಬೆನ್ನ ಹಿಂದ ಹೋಗೂದ ಬಿಟ್ಟಿಲ್ಲ. ಇವತ್ತ ಹುಣ್ಣಿಮಿ ಅಂತ ಕಡಬ ಮಾಡೇನಿ. ದೇವರ ಮುಂದ ಎಡಿ ಹಿಡಿದು, ನಿನ್ನ ಹೆಸರಲೆ ಒಂದ ತಗದ ಇಟ್ಟು, ಆಮ್ಯಾಲ ಇದನ್ನ ಬರ್ಯಾಕ ಕುಂತೇನಿ.

ಪೋನ್ ಇರೂವಾಗ ಪತ್ರ ಯಾಕ ಅಂತಿ. ಪೋನ್ ಮಾಡಿದ್ರ ಬಾಜೂಕ ನಿಮ್ಮಪ್ಪ ಇರ್ತಾರ. ಅವರು ಕೆಮ್ಮಿದ್ದ ಕೇಳಿ ನೀ ಅಲ್ಲಿ ಸುಮ್ನಾಗ್ತಿ, ನಾ ಇಲ್ಲಿ ಸುಮ್ನಾಗ್ತೇನಿ, ಊಟ ಆತೇನು ಅನ್ನೂದ್ರಾಗ ಮಾತ ಮುಗೀತೈತಿ. ದೀಪಾ ಈ ಹಾಳಿಗಳ ಫೋಟೋ ಹೊಡದ ನಿನ್ನ ಪೋನಿಗೆ ಹಾಕ್ತೇನಿ ಅಂದಾಳ. ನಾ ಏಳನೇ ಇಯತ್ತೆ ಕಲತಾಕಿ, ಅಕ್ಷರ ಸೊಟ್ಟ ಬಂದ್ರ ನಗಬ್ಯಾಡ. ಯುಗಾದಿಗೆ ಊರಿಗಿ ಬರೂದಿಲ್ಲ, ರಜಾ ಬ್ಯಾಡಂತ ಹೇಳಿ ಕರಾರು ಮತ್ತ ಮುಂದ ಹಾಕಸ್ತೇನಿ ಅಂತ ನೀ ಅಂದದ್ದನ್ನ ಆಕಿನ ನನಗ ಹೇಳಿದ್ಲು.  ಸಹಿ ಮಾಡೂಕಿಂತ ಮೊದಲ ಇದನ್ನ ಪೂರಾ ಓದು. ಇಷ್ಟ ನಾ ಬೇಡೂದು.

ಹೋದ ಸಲ ನೀ ರಜಾಕ್ಕ ಬಂದಾಗ ನಡದದ್ದು ನನ್ನ ಎದಿಯಾಗೂ ಮುಳ್ಳಿನಂಗ ಐತಿ. ಹೆಣ್ಣಿನ ಕಡಿಯ ಹಿರ್ಯಾರು ಕಟ್ಟಿ ಮ್ಯಾಲ ಕುಂತ ಪಗಾರ ಎಷ್ಟ ಅಂತ ಕೇಳಿದ್ರು. ನೀ ಖರೇನ ಹೇಳಿದಿ: ಪಗಾರ ಸಣ್ಣದು, ಹಡಗಿನಿಂದ ಇಳದು ಹೋಗೂವಾಗ ಮಂದಿ ಬಕ್ಷೀಸ ಕೊಡ್ತಾರ, ಮನಿ ನಡಿಯೂದು ಅದರ ಮ್ಯಾಲ. ದಿನಾ ಟವೆಲ್ ಮಡಚಿ ಆನಿ, ಮಂಗ್ಯಾ ಮಾಡಿ ಅವರ ಹಾಸಿಗಿ ಮ್ಯಾಲ ಕುಂಡ್ರಸ್ತೇನಿ ಅಂತನೂ ನಕ್ಕೋತ ಹೇಳಿದಿ. ಅವರೂ ನಕ್ಕರು, ಆದ್ರ ಅವರ ನಗಿ ನಿನ್ನ ನಗಿಯಂಗ ಇರಲಿಲ್ಲ. ಅವರು ಎದ್ದು ಹೋದ ಮ್ಯಾಲ ನಿಮ್ಮಪ್ಪ ಅಂದ್ರಲ್ಲ, "ಪಗಾರ ತಗೊಂಡ ಮ್ಯಾಲ ಮತ್ತ ಕೈ ಯಾಕ ಒಡ್ಡಬೇಕು? ನಮ್ಮ ಮನ್ಯಾಗ ಯಾರೂ ಕೈ ಒಡ್ಡಿ ಉಂಡಿಲ್ಲ. ಆ ಕೆಲಸ ಬಿಟ್ಟು ಬರೂದಿದ್ರ ಬಾ, ಇಲ್ಲಾಂದ್ರ ಅಲ್ಲೇ ಇರು" ಅಂತ. ನೀ ಆವತ್ತ ಚೀಲಾ ತುಂಬಿ ಹೊಂಟ ಬಿಟ್ಟಿ. 

ಈಗ ಕೇಳು. ನಿಮ್ಮಪ್ಪನೂ ನಾನೂ ಹಡಗ ಹತ್ತಿ ಬಂದ್ವಿ. ಹೌದು, ಖರೇನ. ದೀಪಾನ ಗಂಡ, ನಿಮ್ಮ ಮಾಮಾ ಅಭಿಷೇಕನ ಹುಕ್ಕೇರಿ ಅಂಗಡಿಯಾಗ ಬೀಜ-ಗೊಬ್ಬರ ಭಾಳ ಮಾರಿದ್ದಕ್ಕ ಕಂಪನಿಯವರು ಅಂಗಡಿಯವರನ್ನೆಲ್ಲಾ ಮುಂಬೈಯಿಂದ ಗೋವಾಕ್ಕ ಹಡಗಿನಾಗ ಕರಕೊಂಡ ಹೋದ್ರು. ಅವನ ಪಾಲಿಗೆ ಇನ್ನಿಬ್ಬರದು ಪಾಸು ಬಂದಿತ್ತು. ಅವನ ಅವ್ವ-ಅಪ್ಪ ನೀರಿನ ಮ್ಯಾಲ ಉಣ್ಣಾಕ ಒಲ್ಲೆ ಅಂದ್ರು, ಅದಕ್ಕ ನಮ್ಮನ್ನ ಕರದಾ. ಅಳಿಯ ಕರದಾನ, ಮಾತ ಮೀರಬಾರದು ಅಂತ ಬಂದೇನಿ ಅಂತ ನಿಮ್ಮಪ್ಪ ದಾರಿ ಉದ್ದಕ್ಕೂ ಹೇಳಿದ್ರು. ಆದ್ರ ಹಡಗಿನಾಗ ಕಾಲಿಟ್ಟ ಕೂಡ್ಲೆ ಅವರು ಸಮುದ್ರ ನೋಡಲಿಲ್ಲ, ಕೆಲಸ ಮಾಡೂ ಹುಡುಗರ ಮಾರಿ ನೋಡಾಕ ಹತ್ತಿದ್ರು. ನನಗೇನ ತಿಳಿಯೂದಿಲ್ಲೇನು. ನಾ ಅಂತೂ ಹಿಡಕಲ್ ಡ್ಯಾಮ್ ತುಂಬಿದಾಗ ನೋಡಿ ಇದಕ್ಕಿಂತ ದೊಡ್ಡ ನೀರು ಇರಾಕಿಲ್ಲ ಅಂದಾಕಿ. ದಂಡಿ ಕಾಣದ ನೀರು ನೋಡಿ ದೇವರ ಭಂಡಾರದ ಅರಿಶಿಣ ಹಣಿಗಿ ಹಚ್ಚಿಕೊಂಡು ನಿನ್ನ ನೆನಸಿದ್ನಿ.

ನಮ್ಮ ಖೋಲಿ ನೋಡಕೊಳ್ಳಾಕಿ ಶೈಲಾ ಅಂತ, ಕೊಂಕಣದ ದಂಡಿಯಾಕಿ. ಮರಾಠಿ ಮಾತಾಡ್ತಾಳ, ನನಗ ಅನುಕೂಲ ಆತು. ನಿನಗಿಂತ ಒಂದೆರಡ ವರ್ಷ ದೊಡ್ಡಾಕಿ ಇರಬೇಕು. ನಾ ಮಾಡಿದ ಹುಚ್ಚುತನ ಹೇಳ್ತೇನಿ, ನಗು. ಮೊದಲನೇ ದಿನ ಮುಂಜಾನೆ ಎದ್ದಾಕಿನ ಹಾಸಿಗಿ ಮಡಚಿ, ಪಾಯಖಾನಿ ತಿಕ್ಕಿ ತೊಳದು, ಕಸಾ ಒಂದ ಚೀಲದಾಗ ಕಟ್ಟಿ ಬಾಗಿಲ ಬಾಜೂಕ ಇಟ್ಟೆ. ಮಂದಿ ಮಗಳ ಕೈಲೆ ನನ್ನ ಹೊಲಸ ತೊಳಸಿದ್ರ ದೇವರು ಮೆಚ್ಚತಾನೇನು ಅಂತ. ಮರದಿನನೂ ಹಂಗ ಮಾಡಿ, ಒಳಗ ಬರಬ್ಯಾಡ ಅನ್ನೂ ಚೀಟಿನೂ ಬಾಗಿಲಕ್ಕ ತೂಗು ಹಾಕಿದೆ. ಸಂಜಿಕ ಶೈಲಾ ಬಂದು ಕೈ ಕಟ್ಟಿ ನಿಂತ್ಲು. "ಆಯೀ, ನನ್ನಿಂದ ಏನ ತಪ್ಪಾತು? ಮ್ಯಾಲಿನವರು ಬಂದು ನೋಡಿದ್ರ ನಾ ಖೋಲಿಗಿ ಬರಲೇ ಇಲ್ಲ ಅಂತಾರ. ನನ್ನ ಕೆಲಸ ನನಗ ಬಿಡ್ರಿ" ಅಂದ್ಲು. ನಿಮ್ಮಪ್ಪ ಖುರ್ಚಿ ಮ್ಯಾಲಿಂದ, "ನೋಡು, ಪುಣ್ಯಾ ಗಳಸಾಕ ಹೋಗಿ ಒಬ್ಬರ ಅನ್ನಕ್ಕ ಅಡ್ಡ ಬಂದಿ" ಅಂದ್ರು. ನನಗ ನೆಲದಾಗ ಇಳದ ಹೋದಂಗ ಆತು.

ಆ ಸಂಜಿನ ಆಕಿ ಟವೆಲ್ ಮಡಚಿ ಒಂದ ಪ್ರಾಣಿ ಮಾಡಿ ಹಾಸಿಗಿ ಮ್ಯಾಲ ಕುಂಡ್ರಿಸಿದ್ಲು. ನಿಮ್ಮಪ್ಪ ಕಣ್ಣ ಸಣ್ಣ ಮಾಡಿ ನೋಡಿ, "ಇದೇನಿದು, ನಾಯಿಯೋ?" ಅಂದ್ರು. ಆಕಿ, "ಅಲ್ರಿ ಬಾಬಾ, ಕುರಿ. ನೀವು ಕುರಿ ಕಾಯೋರು ಅಂತ ಆಯೀ ಹೇಳಿದ್ರಲ್ಲ" ಅಂದ್ಲು. "ಕುರಿ ಕಿವಿ ಹಿಂಗ ನೆಟ್ಟಗ ನಿಂದ್ರತೈತೇನು? ಅದು ಜೋತ ಬೀಳಬೇಕು" ಅಂತ ಇವರು ಎದ್ದು ಕಿವಿ ಎಳದ್ರು. ಇಡೀ ಕುರಿನ ಬಿಚ್ಚಿ ಬರೀ ಟವೆಲ್ ಆತು. ಆಕಿ ಬಾಯಿಗಿ ಕೈ ಅಡ್ಡ ಹಿಡದು ನಕ್ಕು ಮತ್ತ ಮಡಚಿದ್ಲು. ಇವರೂ ನಕ್ಕರು. ನೀ ಹ್ವಾದ ಮ್ಯಾಲ ಅವರು ಹಂಗ ನಕ್ಕದ್ದು ನಾ ಅಂದ ನೋಡಿದ್ದು. ಆಕಿ ಬಗ್ಗಿ ಕಸಾ ಎತ್ತಿ, ಏಳೂವಾಗ ನಡದ ಮ್ಯಾಲ ಕೈ ಇಟ್ಟು ಒಂದ ನಿಮಿಷ ನಿಂತ್ಲು. ಇವರ ನಗಿ ಅಲ್ಲೇ ನಿಂತ ಹೋತು.

ಕಡೀ ದಿನ ಬಿಲ್ ಬಂತು. ಊಟಾ, ಖೋಲಿ ಎಲ್ಲಾ ಕಂಪನಿದು, ಆದ್ರ ಕೆಲಸದವರ ಬಕ್ಷೀಸ ಅಂತ ಒಂದಿಷ್ಟ ನಮ್ಮ ತಲಿ ಮ್ಯಾಲ ಹಚ್ಚಿದ್ರು. ಅದನ್ನ ಶೈಲಾನಂಥವರಿಗೂ, ಕೆಳಗ ಅಡಗಿ ಮಾಡೂವರಿಗೂ, ಹಾಸಿಗಿ ಅರಿವಿ ಒಗಿಯೂವರಿಗೂ ಹಂಚತಾರಂತ. ಬ್ಯಾಡ ಅಂದ್ರ ಕೌಂಟರಿಗೆ ಹೋಗಿ ತಗಸಬೌದಂತ, ಯಾಕಂತ ಯಾರೂ ಕೇಳೂದಿಲ್ಲಂತ. ಅಂಗಡಿಯವರೆಲ್ಲಾ ತಗಸಾಕ ಪಾಳಿ ಹಚ್ಚಿದ್ರು. ಅಭಿಷೇಕನೂ ನಿಂತಾ, ಎಲ್ಲಾರೂ ನಿಂತಾಗ ತಾ ಒಬ್ಬನ ಬಿಟ್ರ ನಗತಾರ ಅಂತ. ನಿಮ್ಮಪ್ಪನ್ನೂ ಮುಂದ ನಿಂದ್ರಿಸಿದಾ. ನಾನೂ ದೀಪಾನೂ ಅಲ್ಲೇ ಮೆತ್ತನ ಖುರ್ಚಿ ಮ್ಯಾಲ ಕುಂತಿದ್ವಿ. ಪಾಳಿಯಾಗ ಮೂಡಲಗಿ ಕಡಿಯ ಲಗಮಪ್ಪ ಅಂತ ಒಬ್ಬಾಂವ, ಕೊಳ್ಳಾಗ ಬಂಗಾರದ ಚೈನು. ಮೂರೂ ದಿನ ಆ ಹುಡುಗ್ಯಾರನ್ನ ಚಿಟಿಕಿ ಹೊಡದ ಕರದಾಂವ. ಅವ ದೊಡ್ಡ ದನಿಲೆ, "ಪಗಾರ ತಗೊಂಡ ಮ್ಯಾಲ ಮತ್ತ ಕೈ ಯಾಕ ಒಡ್ಡಬೇಕು?" ಅಂದಾ. ಸುತ್ತಲಿನವರು ಹೌದ ಹೌದ ಅಂದ್ರು.

ಉಮೇಶಾ, ನಿಮ್ಮಪ್ಪನ ಮಾತು ಅಕ್ಷರ ತಪ್ಪದ ಇನ್ನೊಬ್ಬನ ಬಾಯಾಗ ಬಂತು. ನಾ ಅವರ ಮಾರಿ ನೋಡಿದ್ನಿ. ತಲಿ ಮ್ಯಾಲಿನ ರುಮಾಲ ತಗದು, ಝಾಡಿಸಿ, ಮತ್ತ ಸುತ್ತಿಕೊಂಡ್ರು. ಪಾಳಿ ಬಿಟ್ಟು ಹೊರಗ ಬಂದ್ರು. "ಮಾವಾರ, ಈಗ ನಂಬರ ಬರ್ತೈತ್ರಿ" ಅಂತ ಅಭಿಷೇಕ ಕರದಾ. "ನಮ್ಮದ ತಗಸಬ್ಯಾಡಪಾ. ಕಣ್ಣಿಗಿ ಕಾಣದವರ ಪಾಲೂ ಅದರಾಗ ಐತಿ" ಅಂದು ನಡದ ಬಿಟ್ರು. ಅಳಿಯ ಅವರನ್ನೊಮ್ಮೆ, ಪಾಳಿಯನ್ನೊಮ್ಮೆ ನೋಡಿದಾ. ದೀಪಾ ಕುಂತಲ್ಲಿಂದನ ಕಣ್ಣ ಬಿಟ್ಲು. ಅವಂದೂ ಬಕ್ಷೀಸ ಬಿಲ್ಲಿನಾಗ ಉಳೀತು.

ನಿಮ್ಮಪ್ಪ ಖೋಲಿಗಿ ಬಂದು ಖುರ್ಚಿ ಮ್ಯಾಲ ಕುಂತ್ರು. ಆಮ್ಯಾಲ, "ಮೂಡಲಗಿ ಪರಪ್ಪನ ಹೊಲದಾಗ ಹಿಂಡ ಕುಂಡ್ರಿಸಿದ ವರ್ಷ, ಎದ್ದು ಹೊಂಟ ದಿನ ಆ ಶಿವವ್ವ ನಿನ್ನ ಉಡಿಯಾಗ ಏನೇನ ಹಾಕಿದ್ಲು?" ಅಂತ ಕೇಳಿದ್ರು. ಅದು ನೀ ಹುಟ್ಟೂಕಿಂತ ಮೊದಲಿನ ಮಾತು, ನೀ ನನ್ನ ಹೊಟ್ಟ್ಯಾಗಿದ್ದಿ. ಗೊಬ್ಬರಕ್ಕಂತ ನಮ್ಮ ಕುರಿ ರಾತ್ರಿ ಅವರ ಹೊಲದಾಗ ಮಲಗತಿದ್ದು. ಮಾತಾಡಿದ ಜ್ವಾಳಾ ಪರಪ್ಪ ಮೊದಲ ಅಳದ ಕೊಟ್ಟಿದ್ದಾ, ನಮಗ ಬರೂದೇನೂ ಉಳದಿರಲಿಲ್ಲ. ಆದ್ರೂ ಹಿಂಡ ಎದ್ದು ಹೊಂಟಾಗ ಅವನ ಹೇಣ್ತಿ ಶಿವವ್ವ "ನಿಲ್ಲ ತಂಗಿ, ಬರೇ ಉಡಿಲೆ ಹೋಗಬ್ಯಾಡ" ಅಂತ ಓಡಿ ಬಂದು ಜ್ವಾಳಾ, ಬೆಲ್ಲದ ಹೆಂಟಿ, ಕೊಬ್ಬರಿ ಬಟ್ಟಲ, ಅರಿಶಿಣ ಬೇರು, ಒಂದ ಖಣ ಹಾಕಿದ್ಲು. ಆ ಗಂಟ ನೀವ ಹೊತ್ತಿದ್ರಲ್ಲ ಅಂದ್ನಿ. "ಹೌದು, ನಾನ ಹೊತ್ತೆ. ದಾರ್ಯಾಗ ಸಿಕ್ಕವರಿಗೆಲ್ಲಾ ಪರಪ್ಪನ ಮನಿಯವರು ನನ್ನ ಹೇಣ್ತಿ ಉಡಿ ತುಂಬ್ಯಾರ ಅಂತ ಹೇಳಕೋತ ಬಂದೆ. ಆವತ್ತ ನನಗ ಕೈ ಒಡ್ಡಿದಂಗ ಆಗಲಿಲ್ಲ" ಅಂದ್ರು. ಆಮ್ಯಾಲ ನನ್ನ ಚೀಲದ ಕಡೆ ನೋಡಿ, "ಅದರಾಗ ಏನೇನ ಐತಿ ತಗಿ" ಅಂದ್ರು.

ಏನ ಇತ್ತು? ಗೋಕಾಕದಾಗ ಕೊಂಡ ಕರದಂಟಿನ ಡಬ್ಬಿ, ಅದನ್ನ ಒಡದಿರಲಿಲ್ಲ. ಯಾರರೆ ಮುತ್ತೈದಿ ಸಿಕ್ಕರ ಇರ್ಲಿ ಅಂತ ಇಟ್ಟ ಖಣ. ಅರಿಶಿಣ ಕುಂಕಮ, ಮಾಳಿಂಗರಾಯನ ಭಂಡಾರ. ಜ್ವಾಳ ಇರಲಿಲ್ಲ, ಜ್ವಾಳದ ರೊಟ್ಟಿ ಇತ್ತು, ಅದನ್ನ ಇಟ್ನಿ. ಶೈಲಾ ಬಂದ್ಲು. ಸೀರಿ ಇಲ್ಲ, ಸೆರಗ ಇಲ್ಲ, ಉಡಿ ಎಲ್ಲಿ ತುಂಬೂದು? ನಾ ಕುಂಕಮದ ಬಟ್ಟಲ ಹಿಡದು ನಿಂತದ್ದ ನೋಡಿ ಆಕಿನ, "ಆಯೀ, ಓಟಿ ತುಂಬತೀರೇನು?" ಅಂದ್ಲು. ಉಡಿಗೆ ಅವರ ಕಡೆ ಓಟಿ ಅಂತಾರ. ಕೊಳ್ಳಪಟ್ಟಿ ಒಳಗ ಮುಚ್ಚಿಟ್ಟ ತಾಳಿ ಹೊರಗ ತಗದು, ಕೆಲಸದ ಏಪ್ರನ್ ಎರಡೂ ತುದಿ ಹಿಡದು ನನ್ನ ಮುಂದ ನಿಂತ್ಲು. ನಾ ಹಾಕಿದೆ. ನಿಮ್ಮಪ್ಪ ಬಿಲ್ಲಿನದು ಬಿಟ್ಟು ಆಕಿಗಂತ ಬ್ಯಾರೆ ರೊಕ್ಕ ಹಾಕಿದ ಲಕೋಟಿ ಎರಡೂ ಕೈಲೆ ಮ್ಯಾಲ ಇಟ್ಟು, ಮುರಕ ಮರಾಠ್ಯಾಗ, "ಇದು ಭಿಕ್ಷಾ ಅಲ್ಲವ್ವ. ಹಿಂಡ ಎದ್ದಾಗ ಕೊಡೂದು" ಅಂದ್ರು. ಆಕಿಗಿ ಹಿಂಡು ಏನ ತಿಳೀತೋ ಇಲ್ಲೋ. ಊರಾಗ ಅತ್ತಿ ಹತ್ರ ಬಿಟ್ಟ ಮಗಳದಾಳ, ಮನಿ ಬಿಟ್ಟ ಮ್ಯಾಲ ಯಾರೂ ಓಟಿ ತುಂಬಿರಲಿಲ್ಲ ಅಂತ ಹೇಳಿ ನನ್ನ ಕಾಲಿಗಿ ಬಿದ್ಲು. ಎಬ್ಬಿಸಿದೆ. ನಡಕ್ಕ ಎಳ್ಳೆಣ್ಣಿ ತಿಕ್ಕೋ ಅಂತ ಆಕಿಗೂ ಹೇಳಿದೆ.

ಇಷ್ಟ ಮಗನ ನಡದದ್ದು. ನೀ ಎಂದೂ ತಲಿ ತಗ್ಗಿಸಿ ತಗೋಬ್ಯಾಡ. ಕೊಟ್ಟವರದು ಎರಡೂ ಕೈಲೆ ತಗೊಂಡು ಅವರ ಮಕ್ಕಳು ಚಲೋ ಇರಲಿ ಅನ್ನು. ಕೊಡದ ಹೋದವರ ಹಾಸಿಗೀನೂ ಅಷ್ಟ ಚಂದ ಹಾಸು, ಅವರಿಗಿ ಗೊತ್ತಿರಾಕಿಲ್ಲ ಅಷ್ಟ. ಒಮ್ಮೊಮ್ಮೆ ನಿಮ್ಮಪ್ಪನಂಥವರಿಗೂ ಗೊತ್ತಿರೂದಿಲ್ಲ.

ದೀಪಾ, ಅಭಿಷೇಕ ನಿನ್ನ ಕೇಳ್ಯಾರ. ನಿನ್ನ ಜೋಡಿ ಕೆಲಸ ಮಾಡೂ ಹುಡುಗರಿಗೆಲ್ಲಾ ನನ್ನ ಆಶೀರ್ವಾದ ತಿಳಸು, ಅವರೂ ಯಾರದೋ ಮನಿ ಮಕ್ಕಳು. ಭಂಡಾರದ ಪುಡಿ ತೀರಿದ್ರ ಹೇಳು, ದೇವರ ಮುಂದ ಇಟ್ಟದ್ದು ಐತಿ.

ನಿನ್ನ ದಾರಿ ನೋಡಾಕತ್ತಿರೂ
ಅವ್ವ
ಸಾವಿತ್ರವ್ವ

ಮರತಿದ್ದೆ: ನಿಮ್ಮಪ್ಪ ಈಗ ಕುರಿ ಹೊಡಕೊಂಡ ಹೋದ್ರು, ಅವರು ಬರೂದ್ರಾಗ ಬರದ ಬಿಡ್ತೇನಿ. ಹಡಗಿನಿಂದ ಬಂದಾಗಿಂದ ದಿನಾ ಸಂಜಿಕ ಬಾಗಿಲ ಮುಚ್ಚಿಕೊಂಡು ನನ್ನ ಜಳಕದ ಟವೆಲ್ ಮಡಚಿ ಕುರಿ ಮಾಡಾಕ ಹತ್ಯಾರ. ಮೈ ಬರ್ತೈತಿ, ಕಾಲ ಬರ್ತಾವ, ಕಿವಿ ಬರವಲ್ದು. ದೀಪಾ ಪೋನಿನ್ಯಾಗ ನೋಡಿ ಕಲೀರಿ ಅಂದ್ರ, "ಮನ್ಯಾಗ ಮಾಡೂ ಮಗಾ ಇರೂವಾಗ ಪೋನ್ ಯಾಕ? ಯುಗಾದಿಗೆ ಬರ್ತಾನಲ್ಲ, ಗೋಕಾಕ ರೋಡ ಸ್ಟೇಷನ್ನಿಗೆ ನಾನ ಹೋಗ್ತೇನಿ" ಅಂದಾರ. ನಾ ಏನೂ ಕೇಳಿರಲಿಲ್ಲ, ಅವರಾಗೇ ಅಂದದ್ದು. ಸಹಿ ಮಾಡಬ್ಯಾಡ, ಬಾ.