ಮತ್ತು ತಂಡದವರು

ಜೂನ್ 3, ಬೆಳಿಗ್ಗೆ 7.30

ಅಮೆರಿಕದ ಮಕ್ಕಳ ಆನ್‌ಲೈನ್ ಕ್ಲಾಸ್ ಮುಗಿಯಿತು. ಒಬ್ಬಳು ಪಿಟೀಲು ಹಿಡಿದೇ ಚಿಪ್ಸ್ ತಿಂದಳು. ಅವಳಮ್ಮ ಪಕ್ಕದಲ್ಲಿ ಕೂತು ‘ಸೂಪರ್’ ಎಂದಳು. ಇರಲಿ. ಅಲ್ಲಿಗೆ ಹೋಗಿ ನನ್ನದೇ ಶಾಲೆ ತೆರೆಯುತ್ತೇನೆ. ಬೋರ್ಡಿನ ಮೇಲೆ ನನ್ನ ಹೆಸರು. ಅಷ್ಟು ಸಾಕು.

ಬೆಂಗಳೂರಿನ ವೀಸಾ ಕನ್ಸಲ್ಟೆಂಟ್ ನಿರಂಜನ್ ಫೋನ್. ಯಾವ ಕಂಪನಿಯ ಆಫರ್ ಇಲ್ಲದಿದ್ದರೂ, ಇಂಥ ಕಲಾವಿದೆ ತಮ್ಮ ದೇಶಕ್ಕೆ ಬೇಕು ಎಂದು ಅಮೆರಿಕ ಸರ್ಕಾರದವರು ಒಪ್ಪಿದರೆ ಗ್ರೀನ್ ಕಾರ್ಡ್ ಕೊಡುವ ವಿನಾಯಿತಿ ಇದೆಯಲ್ಲ, ಅದಕ್ಕೆ ಸಾಕ್ಷಿ ಬೇಕಂತೆ. “ನೀವ್ ಬರದಿದ್ರೆ ಅಮೆರಿಕಕ್ಕೆ ಏನ್ ನಷ್ಟ ಅಂತ ಒಂದ್ ಪುಟ ಬರೀರಿ ಮೇಡಂ.” ಬರೆಯುತ್ತೇನೆ. ನಾನು ಹೋದರೆ ಚಿತ್ರದುರ್ಗಕ್ಕೆ ಏನೂ ನಷ್ಟವಿಲ್ಲ ಎನ್ನುವುದಕ್ಕಂತೂ ಸಾಕ್ಷಿ ಬೇಕಿಲ್ಲ.

ಜೂನ್ 9

ಟ್ರಂಕ್ ತೆಗೆದೆ. ಹತ್ತೊಂಬತ್ತು ವರ್ಷದ ಆಮಂತ್ರಣ ಪತ್ರಿಕೆಗಳು. ಎಲ್ಲದರಲ್ಲೂ ಒಂದೇ — ‘ವಿದ್ವಾನ್ ಲಕ್ಷ್ಮೀಕಾಂತ್ ಮತ್ತು ತಂಡದವರಿಂದ ಶಾಸ್ತ್ರೀಯ ಸಂಗೀತ’. ಹಾಡುವವರ ಹೆಸರು ದಪ್ಪ. ಅಧ್ಯಕ್ಷತೆ ವಹಿಸಿ ಮೊದಲ ಕೀರ್ತನೆಗೇ ಎದ್ದು ಹೋದವರದು ಇನ್ನೂ ದಪ್ಪ. ಶಾಮಿಯಾನದವನ ಹೆಸರೂ ಇದೆ. ಪಿಟೀಲು ನುಡಿಸಿದವಳದು ಇಲ್ಲ. ಶಾಲುಗಳು ಮಾತ್ರ ರಾಶಿ ಇವೆ. ಅವನ್ನೇ ಸ್ಕ್ಯಾನ್ ಮಾಡಿ ಕಳಿಸಲೇ?

ಜೂನ್ 10

ಲಕ್ಷ್ಮೀಕಾಂತ್ ಸರ್ ಮನೆಗೆ ಹೋಗಿ ಶಿಫಾರಸು ಪತ್ರ ಕೇಳಿದೆ. ಮಂಡಕ್ಕಿ ತಿನ್ನುತ್ತಿದ್ದರು.

“ನೀನೇ ಬರ್ಕಂಡ್ ಬಾರಮ್ಮ, ಸೈನ್ ಹಾಕ್ತೀನಿ. ನಂಗೆಲ್ಲಿ ಇಂಗ್ಲಿಷ್ ಬರ್ತೈತೆ.”

ಬರೆದು ಒಯ್ದೆ. ‘ಈಕ್ವಲ್ ಆರ್ಟಿಸ್ಟ್’ ಎಂದಿದ್ದನ್ನು ಹೊಡೆದು ‘ಒಬೀಡಿಯೆಂಟ್’ ಎಂದು ಬರೆದರು. ಇಂಗ್ಲಿಷ್ ಬರದ ಮನುಷ್ಯನಿಗೆ ಆ ಒಂದು ಪದ ಬರುತ್ತದೆ! ಕೈಮುಗಿದು ಬಂದೆ... ಅದೇ ನನಗೆ ಸಿಟ್ಟು.

ಜೂನ್ 21

ಆ ಪತ್ರದಿಂದ ಉಪಯೋಗವಿಲ್ಲವಂತೆ. ಹೆಸರು ಅಚ್ಚಾಗಿರುವ ದಾಖಲೆ ಬೇಕು, ತಿಂಗಳ ಕೊನೆಯೊಳಗೆ. “ಎಲ್ರೂ ಏನೋ ಒಂದ್ ಮಾಡ್ಕೊಂತಾರೆ ಮೇಡಂ. ಏನು ಅಂತ ನಂಗೆ ಹೇಳ್ಬೇಡಿ.” ನಿರಂಜನನದು ಎಂಥ ಪ್ರಾಮಾಣಿಕತೆ!

ಹಿರಿಯೂರಿನ ಬಸ್ ಹತ್ತಿದೆ. ಐಮಂಗಲ ದಾಟುವವರೆಗೂ ವಾಪಸ್ ಹೋಗೋಣವೇ ಎಂದುಕೊಂಡೆ. ಹೋಗಲಿಲ್ಲ. ಅಲ್ಲಿನ ಗಿರೀಶನ ಪ್ರೆಸ್‌ನಲ್ಲೇ ಆ ಪತ್ರಿಕೆಗಳೆಲ್ಲ ಅಚ್ಚಾಗಿದ್ದು. ಹಳೆಯ ಫೈಲುಗಳು ಕಂಪ್ಯೂಟರಿನಲ್ಲಿ ಇನ್ನೂ ಇವೆ. ನನ್ನ ಹೆಸರೂ ಸೇರಿಸಿ, ಹಳೆಯ ತಾರೀಖಿನಲ್ಲೇ ಮತ್ತೆ ಅಚ್ಚು ಹಾಕು ಎಂದೆ.

“ಕುಂತ್ಕಳ್ರಿ ಮೇಡಂ. ಎರಡು ಹೆಸರಿಗೆ ಜಾಗ ಇಲ್ರಿ. ಮೇಲೊಂದು ಹೆಸರು, ಕೆಳಗೆ ತಂಡದವರು. ಮೊದ್ಲಿಂದ ಹಂಗೇ ಐತೆ.”

ಹಾಗಾದರೆ ನನ್ನದೇ ಹಾಕು.

ಆರು ಪತ್ರಿಕೆ. ‘ವಿದುಷಿ ಮೀನಾಕ್ಷಿ ಮತ್ತು ತಂಡದವರಿಂದ’. ಲಕ್ಷ್ಮೀಕಾಂತ್ ಸರ್ ಈಗ ತಂಡದವರು! ಅಂಗಡಿಯಲ್ಲೇ ನಕ್ಕುಬಿಟ್ಟೆ. ಖೋಟಾ ಪ್ರಶಸ್ತಿಯವರನ್ನೆಲ್ಲ ಉಗಿದ ಬಾಯಿ ಇದೇ. ನಾಚಿಕೆ ಆಗಬೇಕಿತ್ತು. ಖುಷಿಯಾಯಿತು.

ಜೂನ್ 28, ಮಧ್ಯಾಹ್ನ

ಮೂರ್ತಪ್ಪ ಬಂದಿದ್ದರು. ಮೃದಂಗ. ಹತ್ತೊಂಬತ್ತು ವರ್ಷ ವೇದಿಕೆಯಲ್ಲಿ ನನ್ನ ಎದುರಿಗೆ ಕೂತವರು. ಸಂಜೆ ಹೊರಕೆರೆದೇವಪುರದ ಕಛೇರಿಗೆ ಗಾಡಿ ನಾಲ್ಕಕ್ಕೆ ಹೊರಡುತ್ತದೆ ಎಂದು ಹೇಳಲು ಬಂದವರು. ಪತ್ರಿಕೆಗಳು ಮೇಜಿನ ಮೇಲೇ ಇದ್ದವು. ಒಂದನ್ನು ಎತ್ತಿಕೊಂಡರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಏನಾದರೂ ಅಂದರೆ ಬಾಯಿ ಮುಚ್ಚಿಸಲು ನಾನು ತಯಾರಾಗಿದ್ದೆ.

“ಚೆನ್ನಾಗೈತೆ ಮೇಡಂ,” ಎಂದರು. ‘ತಂಡದವರಿಂದ’ ಎಂಬುದರ ಮೇಲೆ ಬೆರಳಿಟ್ಟರು. “ಇದ್ರಾಗೆ ನಾನೂ ಇದೀನಿ, ಅಲ್ರಾ?”

ಕುಹಕ ಇರಲಿಲ್ಲ. ನಿಜವಾಗಿ ಕೇಳಿದರು. ಟೀ ಕುಡಿದು ಹೋದರು.

ಜೂನ್ 29, ಬೆಳಿಗ್ಗೆ 10

ಪತ್ರಿಕೆಗಳನ್ನು ಕಳಿಸಲಿಲ್ಲ. ಹರಿದೆ. ನಾನು ನುಡಿಸಿದ್ದನ್ನು ಕಣ್ಣಾರೆ ಕಂಡ ಸಾಕ್ಷಿಯ ಹೇಳಿಕೆ ಕೊಡುತ್ತೇನೆ ಎಂದೆ ನಿರಂಜನನಿಗೆ. “ದೊಡ್ಡ ಹೆಸರಿನೋರಾ?” ಅಲ್ಲ. “ಹಂಗಾದ್ರೆ ಕಷ್ಟ ಮೇಡಂ.” ಕಷ್ಟವೇ ಆಗಲಿ.

ಮೂರ್ತಪ್ಪನವರಿಗೆ ಫೋನ್ ಮಾಡಿದೆ. “ನಾನ್ ಹೇಳಿದ್ರೆ ಅಮೆರಿಕದೋರು ಕೇಳ್ತಾರಾ ಮೇಡಂ?” ಎಂದು ನಕ್ಕರು. ಒಪ್ಪಿದರು.

ಟೈಪ್ ಮಾಡಲು ಕೂತು ಅರ್ಧ ಗಂಟೆ. ಅವರ ಇನಿಶಿಯಲ್ ಗೊತ್ತಿಲ್ಲ. ಊರು ಹೊಸದುರ್ಗದ ಕಡೆ... ಯಾವುದು? ಎಂದೂ ಕೇಳಿಲ್ಲ. ನನ್ನ ಫೋನಿನಲ್ಲಿ ಅವರು ‘ಮೃದಂಗ’ ಎಂದು ಸೇವ್ ಆಗಿದ್ದಾರೆ. ಛೀ.

ಇಷ್ಟೇ ಆಗಿದೆ —

‘ಮೂರ್ತಪ್ಪ ಎಂಬ ನಾನು, ತಂದೆಯ ಹೆಸರು...’