ಲೆಮನ್ ಮಿರ್ಟಲ್‌ಗೆ ನೀರು ಹೆಚ್ಚಾಯಿತು

ಫೆಬ್ರವರಿ ೧೦, ಮಂಗಳವಾರ

ಪ್ರ್ಯಾಕ್ಟಿಕಲ್‌ಗೆಂದು ಸರ್ ನನಗೆ ಒಪ್ಪಿಸಿದ ಲೆಮನ್ ಮಿರ್ಟಲ್ ಸಸಿ ಬಾಡುತ್ತಿದೆ. ಆಸ್ಟ್ರೇಲಿಯಾದ ಗಿಡ, ಸದಾ ತೇವ ಬೇಕು ಎಂದು ಓದಿ ದಿನಕ್ಕೆರಡು ಸಲ ನೀರು ಹಾಕಿದೆ. ಸತ್ತರೆ ಶುಕ್ರವಾರ ಸರ್‌ಗೆ ಏನು ತೋರಿಸಲಿ?

ಕಾಲೇಜಿನ ತೋಟ ನೋಡಿಕೊಳ್ಳುವ ಸತ್ಯವ್ವ ಇಂದು ಸಸಿಯ ಬುಡದ ಕಪ್ಪು ಎರೆಮಣ್ಣಿನೊಳಗೆ ಬೆರಳಿಳಿಸಿ ನಕ್ಕರು. "ಮ್ಯಾಲ ಒಣಗೇತಿ, ಒಳಗ ಕೆಸರಾಗೇತಿ. ನೀರಡಿಕಿ ಗಿಡಕ್ಕಿಲ್ಲವ್ವಾ, ನಿನ್ನ ಅಂಜಿಕಿಗೈತಿ!"

ಮರಳು, ಎಲೆಗೊಬ್ಬರ ಬೆರೆಸಿ, ದಿಬ್ಬ ಮಾಡಿ ಸಸಿಯನ್ನು ಮೇಲೆ ನೆಟ್ಟರು. ಎಂಥ ಕೈ! ಮಣ್ಣಿನ ತೇವ ಅಳೆಯುವ ನಮ್ಮ ಮಾಯಿಶ್ಚರ್ ಮೀಟರ್ ಲ್ಯಾಬಿನ ಕಪಾಟಿನಲ್ಲೇ ಇತ್ತು. ಉದುರಿದ ಎಲೆ ಉಜ್ಜಿ ಮೂಸಿದೆ. ನಿಂಬೆಗಿಂತ ಹೆಚ್ಚು ನಿಂಬೆ. ಇಷ್ಟು ಬಾಡಿಯೂ ಇಷ್ಟು ಪರಿಮಳ!

"ಉಳೀತೈತೇನ್ರಿ?" ಎಂದೆ.

"ಮೂರು ದಿನ ನೀರ ಹಾಕಬ್ಯಾಡ. ಆಮ್ಯಾಲ ನೋಡೂಣು."

ಸುಮ್ಮನಿರುವುದೂ ಕೆಲಸವೇ ಎಂದು ಯಾರೂ ಕಲಿಸಿರಲಿಲ್ಲ. ನಾಳೆ ಆ ಕಡೆ ಹೋಗಲೇಬಾರದು. ಹೋದರೂ ನೀರಿನ ಝಾರಿ ಮುಟ್ಟದೆ, ದೂರದಿಂದ ಒಂದು ಸಲ...