ಮಹಾದೇವಕ್ಕನ ಎಡಗೈ

ಹಳಿಯಾಳ
೧೮-೨-೧೯೬೩

ಪ್ರೀತಿಯ ತಾಯವ್ವಾ,

ಮುಂಡಗೋಡದ ಆಸ್ಪತ್ರೆಗೆ ನೀನು ಇಷ್ಟರಲ್ಲಿ ಒಗ್ಗಿಕೊಂಡಿರಬೇಕು. ನನಗೊಂದು ಸಂಶಯ ಬಂದಿದೆ. ನೀನು ಲಿಂಗ ಕಟ್ಟುವ ಮನೆಯವಳು, ಮೇಲಾಗಿ ನನ್ನಂತೆಯೇ ನರ್ಸ್. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಸಾಂಬ್ರಾಣಿ ಊರಿನ ಮಹಾದೇವಕ್ಕ ಎಂಬ ಮುದುಕಿ ನಮ್ಮ ವಾರ್ಡಿನಲ್ಲಿದ್ದಾಳೆ. ಗಾಣದ ಮನೆಯಲ್ಲಿ ಬೆಲ್ಲದ ಪಾಕ ಸಿಡಿದು ಎಡಗೈ ಬೆಂದಿತ್ತು. ಡಾಕ್ಟರು ಅಂಗೈ, ಬೆರಳು ಎಲ್ಲ ಮುಚ್ಚಿ ಪಟ್ಟಿ ಕಟ್ಟಿದರು. ನೋವಿಗೆ ಆಕೆ ಕೂಗಲಿಲ್ಲ. ಆದರೆ ಊಟ ಮುಟ್ಟಲಿಲ್ಲ. ಮಾತ್ರೆಗೆ ಎರಡು ಗುಟುಕು ನೀರು, ಅಷ್ಟೇ. ಮರುದಿನವೂ ಹಾಗೆಯೇ. ಜ್ವರ ಏರಿತು. ಹೀಗೆ ಉಪವಾಸ ಬಿದ್ದರೆ ಗಾಯ ಮಾಯುವುದಿಲ್ಲ, ಹುಬ್ಬಳ್ಳಿಗೆ ಕಳಿಸಬೇಕಾದೀತು, ಅಲ್ಲಿ ಬೆರಳು ತೆಗೆದರೂ ತೆಗೆದಾರು ಎಂದರು ಡಾಕ್ಟರು.

ನಮ್ಮ ಆಯಾ ಕೆಂಚವ್ವ, "ಸಾಂಬ್ರಾಣಿ ಸಾವ್ಕಾರ್ತಿಗೆ ನಮ್ಮ ರೊಟ್ಟಿ ಸೇರೂದಿಲ್ಲ ಬಿಡ್ರಿ," ಎಂದು ನಕ್ಕಳು. ನಾನೂ ಹಾಗೇ ಎಣಿಸಿ ಹಾಲು ತಂದೆ, ಗಂಜಿ ಮಾಡಿಸಿದೆ. ಎಲ್ಲ ತಿರುಗಿ ಬಂತು. ಕೊನೆಗೆ ತಟ್ಟೆ ಪಕ್ಕಕ್ಕಿಟ್ಟು ಮಂಚದ ಬಳಿ ಕುಳಿತು, ಯಾಕೆ ಉಣ್ಣುವುದಿಲ್ಲ ಎಂದು ಕೇಳಿದೆ.

"ಈಗ ಕೇಳಿದಿ ನೋಡು," ಎಂದಳು. "ಎಲ್ಲಾರೂ ಉಣ್ಣು ಉಣ್ಣು ಅಂದ್ರಿ, ಯಾಕ ಅಂತ ಒಬ್ಬರರೆ ಕೇಳಿದ್ರೇನು? ಲಿಂಗಪೂಜಿ ಆಗದ ನಾ ಉಂಡಾಕಿ ಅಲ್ಲ. ಲಿಂಗ ಇಡೂದು ಎಡಗೈಯಾಗ. ಆ ಕೈ ನೀವು ಕಟ್ಟಿ ಕುಂದ್ರಿಸೀರಿ."

ಪಟ್ಟಿ ಬಿಚ್ಚುವಂತಿರಲಿಲ್ಲ. ಸೊಸೆ ಬಾಣಂತಿ. ಮಗ ಚನಬಸಪ್ಪ ಗಾಣ ಬಿಟ್ಟು ಸಂತೆಯ ದಿನವೇ ಬರುವವನು. ನನ್ನ ಕೈ ನಡೆಯುತ್ತದೆಯೇ ಎಂದು ಕೇಳಿಬಿಟ್ಟೆ.

"ನಿನ್ನ ಕೊರಳಾಗ ಲಿಂಗ ಐತೇನು?"

ಇಲ್ಲ, ನಾವು ರಾಮನಗರದ ಮರಾಠರು ಎಂದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. ಕೇಳಬಾರದ್ದನ್ನು ಕೇಳಿದೆನೇನೋ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಬರುತ್ತಲೇ ಕರೆದಳು. "ಏ ಗೋದು, ಜಳಕ ಆತೇನು?"

ಆಗಿದೆ ಎಂದೆ.

"ಹಂಗಾರ ಕೈ ತಾ. ನಡುಗಿಸಬ್ಯಾಡ ಮತ್ತ."

ನನ್ನ ಅಂಗೈಗೆ ವಿಭೂತಿ ಹಚ್ಚಿ ಲಿಂಗವನ್ನಿಟ್ಟಳು. ಬಲಗೈಯಿಂದ ನೀರೆರೆದಳು, ಪತ್ರಿ ಏರಿಸಿದಳು. ಅಷ್ಟು ಸಣ್ಣದು ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಥವಾ ನನ್ನ ಕೈಯೇ ಬಿಗಿದಿತ್ತೋ? ಪೂಜೆ ಮುಗಿದ ಮೇಲೆ ಒಂದೂವರೆ ರೊಟ್ಟಿ ಉಂಡು, "ಪಲ್ಯಾಕ ಉಪ್ಪು ಯಾರ ಅಪ್ಪ ಹಾಕಬೇಕು?" ಎಂದು ಕೆಂಚವ್ವನನ್ನು ಗದರಿದಳು. ದಿನಾ ಬೆಳಿಗ್ಗೆ ಹೀಗೆಯೇ ನಡೆಯಿತು. ನಾಲ್ಕಾರು ದಿನಕ್ಕೆ ಜ್ವರ ಬಿಟ್ಟಿತು. ಹುಬ್ಬಳ್ಳಿಯ ಮಾತು ನಿಂತಿತು.

ಈಗ ನನ್ನ ಸಂಶಯ. ಬೇರೆಯವರ ಅಂಗೈಯಲ್ಲಿ ಪೂಜೆ ಮಾಡಿದರೆ ನಿಮ್ಮಲ್ಲಿ ನಡೆಯುತ್ತದೆಯೇ? ಊರಲ್ಲಿ ಆಕೆಗೆ ಯಾರಾದರೂ ಏನಾದರೂ ಅಂದಾರೇ? ಆಕೆಯನ್ನೇ ಕೇಳಿದ್ದಕ್ಕೆ, "ನಿನ್ನ ಕೆಲಸ ನೀ ನೋಡು," ಎಂದಳು. ನೀನಾದರೂ ಸರಿಯಾಗಿ ತಿಳಿಸು.

ನಿನ್ನ
ಗೋದು

ತಾ.ಕ.: ಪಟ್ಟಿ ಬಿಚ್ಚಿ ಮೂರು ದಿನವಾಯಿತು. ಅಂಗೈ ಮಾಯ್ದಿದೆ, ಬೆರಳೆಲ್ಲ ಮಡಚುತ್ತವೆ, ಆ ಕೈಯಲ್ಲೇ ಚಹಾದ ಬಟ್ಟಲು ಹಿಡಿಯುತ್ತಾಳೆ. ಇವತ್ತು ಬೆಳಿಗ್ಗೆಯೂ, "ಜಳಕ ಆತೇನು?" ಎಂದು ಕೇಳಿದಳು. ನಾನೂ ಆಗಿದೆ ಎಂದು ಕೈ ಒಡ್ಡಿದೆ. ನಾಳೆ ಮಗ ಗಾಡಿ ತರುತ್ತಾನೆ.